ಡೈನೋಸಾರ್ ಚಿತ್ರದ ಬಣ್ಣವೆಲ್ಲಾ ಸುಮ್ನೆ ಊಹೆ ಅಲ್ವಾ?

ಪ್ರಶ್ನೆ: ಡೈನೋಸಾರ್‌ಗಳನ್ನು ಯಾರೂ ಕಣ್ಣಾರೆ ನೋಡಿಲ್ಲ. ಸಿಕ್ಕಿರುವುದು ಮೂಳೆ. ಹಾಗಿದ್ದರೂ ನೀವೆಲ್ಲಾ ಹೆಸರೇ ಕೇಳದ ಸೊಪ್ಪು ತಿನ್ನುವ ಡೈನೋಸಾರ್‌ಗಳನ್ನು ಬಣ್ಣ ಹಚ್ಚಿ ಬಿಡಿಸುತ್ತೀರಿ. ಅದೆಲ್ಲಾ ಸುಮ್ನೆ ಊಹೆ ಅಲ್ವಾ?

ನನ್ನ ಚಿತ್ರ ನೋಡಿದವರು ಜಾಸ್ತಿ ಕೇಳುವುದು ಇದನ್ನೇ. ಊಹೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲಿ ಇದೆ, ಎಷ್ಟಿದೆ ಅನ್ನುವುದು ಒಂದೊಂದು ಪ್ರಾಣಿಗೆ ಒಂದೊಂದು ಥರ. ಟಿ. ರೆಕ್ಸ್‌ಗೆ ಅಭಿಮಾನಿಗಳು ಕೋಟಿಗಟ್ಟಲೆ ಇದ್ದಾರೆ, ಇರಲಿ. ನನಗೆ ಈ ಸೊಪ್ಪು ತಿನ್ನುವವುಗಳ ಹುಚ್ಚು ಹಿಡಿದದ್ದೇ ಬಣ್ಣದ ವಿಷಯದಿಂದ. ಯಾಕೆಂದರೆ ಇಂಥ ಒಂದೆರಡು ಪ್ರಾಣಿಗಳಲ್ಲೂ ಮೈಬಣ್ಣಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದೆ.

ಸಿಟಾಕೋಸಾರಸ್ ತಗೊಳ್ಳಿ. ಗಿಳಿಯಂಥ ಕೊಕ್ಕು, ಎರಡೂ ಕೆನ್ನೆಯಲ್ಲಿ ಕೊಂಬಿನಂತೆ ಚಾಚಿದ ಮೂಳೆ, ಒಂದು ದೊಡ್ಡ ನಾಯಿಯಷ್ಟು ಮೈ. ಟ್ರೈಸೆರಾಟಾಪ್ಸ್‌ಗೆ ದೂರದ ನೆಂಟ. ಚೀನಾದಿಂದ ಬಂದ ಇದರ ಒಂದು ಪಳೆಯುಳಿಕೆ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸೆಂಕೆನ್‌ಬರ್ಗ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮೂಳೆಯ ಸುತ್ತ ಚರ್ಮ ಉಳಿದಿದೆ, ಚರ್ಮದಲ್ಲಿ ಬಣ್ಣದ ಗುರುತೂ ಉಳಿದಿದೆ. ಬೆನ್ನು ಗಾಢ, ಹೊಟ್ಟೆ ತಿಳಿ, ಮುಖ ಕಪ್ಪು ಕಪ್ಪು. ನಮ್ಮ ಜಿಂಕೆಯನ್ನು ನೋಡಿ, ಅದರದೂ ಇದೇ ಲೆಕ್ಕ. ಬಿಸಿಲು ಮೇಲಿಂದ ಬಿದ್ದಾಗ ಬೆನ್ನು ಹೊಳೆಯುತ್ತದೆ, ಹೊಟ್ಟೆ ನೆರಳಾಗುತ್ತದೆ. ಮೈಬಣ್ಣ ಅದಕ್ಕೆ ತದ್ವಿರುದ್ಧ ಇದ್ದರೆ ಎರಡೂ ಸರಿದೂಗಿ ಪ್ರಾಣಿ ಚಪ್ಪಟೆಯಾಗಿ ಕಾಣುತ್ತದೆ, ಬೇಟೆಯಾಡುವವನ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ.

ಇಲ್ಲಿಗೇ ನಿಂತಿಲ್ಲ. ಯಾಕೋಬ್ ವಿಂಥರ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಚಿತ್ರಕಾರ ಬಾಬ್ ನಿಕೋಲ್ಸ್ ಕೈಯಲ್ಲಿ ಅದರ ನಿಜಗಾತ್ರದ ಮಾದರಿ ಮಾಡಿಸಿದರು. ಅದರದೇ ಅಚ್ಚಿನ ಇನ್ನೊಂದಕ್ಕೆ ಬರೀ ಬೂದು ಬಣ್ಣ ಬಳಿದು ಬ್ರಿಸ್ಟಲ್‌ನ ಸಸ್ಯೋದ್ಯಾನಕ್ಕೆ ಒಯ್ದರು, ಬಯಲಲ್ಲೊಮ್ಮೆ ಮರದಡಿಯಲ್ಲೊಮ್ಮೆ ನಿಲ್ಲಿಸಿ ನೆರಳು ಮೈಮೇಲೆ ಹೇಗೆ ಬೀಳುತ್ತದೆ ಅಂತ ಫೋಟೊ ತೆಗೆದು, ಆ ನೆರಳನ್ನು ಪಳೆಯುಳಿಕೆಯ ಬಣ್ಣದ ಜೊತೆ ಹೋಲಿಸಿದರು. ತಾಳೆಯಾದದ್ದು ಮರದಡಿಯ ನೆರಳು. 2016ರಲ್ಲಿ ಇದು ಪ್ರಕಟವಾಯಿತು. ಈಗ ಯಾರಾದರೂ ಈ ಪ್ರಾಣಿಯನ್ನು ಕಾಡಿನ ಹಿನ್ನೆಲೆಯಲ್ಲಿ ಬಿಡಿಸಿದರೆ ಅದು ಚಂದಕ್ಕೆ ಹಾಕಿದ ಹಸಿರಲ್ಲ, ಹಿಂದೆ ಇಷ್ಟು ಕೆಲಸ ಇದೆ.

ಇದರ ಬಾಲದ ಮೇಲೆ ಪೊರಕೆ ಕಡ್ಡಿಯಂಥ ಬಿರುಗೂದಲಿನ ಸಾಲಿದೆ, ಸುಮಾರು 16 ಸೆಂ.ಮೀ. ಉದ್ದದ್ದು. ನಾನು ಮೊದಲ ಸಲ ಅದನ್ನು ಕುದುರೆಯ ಬಾಲದಂತೆ ಜೋಲು ಬಿಡಿಸಿದ್ದೆ. ಆಮೇಲೆ ಪಳೆಯುಳಿಕೆಯ ಫೋಟೊ ದೊಡ್ಡದು ಮಾಡಿ ನೋಡಿದರೆ ಒಂದೊಂದು ಕಡ್ಡಿಯೂ ಬಿಡಿಬಿಡಿಯಾಗಿ ಎದ್ದು ನಿಂತಿದೆ, ತುದಿಯತ್ತ ಬಿಲ್ಲಿನಂತೆ ಬಾಗಿದೆ. ಅಳಿಸಿ ಮತ್ತೆ ಬಿಡಿಸಿದೆ, ಒಂದೊಂದೇ ಗೆರೆ.

ಇನ್ನೊಂದು ಬೊರಿಯಾಲೋಪೆಲ್ಟಾ, ಬೆನ್ನ ಮೇಲೆ ಗುರಾಣಿಯಂಥ ಗಟ್ಟಿ ತಟ್ಟೆಗಳನ್ನು ಹೊತ್ತ ಡೈನೋಸಾರ್. 2011ರಲ್ಲಿ ಕೆನಡಾದ ಆಲ್ಬರ್ಟಾದ ಗಣಿಯೊಂದರಲ್ಲಿ ಅಗೆಯುವ ಯಂತ್ರಕ್ಕೆ ಸಿಕ್ಕಿತು. ಸುಮಾರು 11 ಕೋಟಿ ವರ್ಷ ಹಳೆಯದು, ಆದರೂ ಬೆನ್ನಿನ ಗುರಾಣಿಗಳು ಇದ್ದಲ್ಲೇ ಇವೆ. ಮಾರ್ಕ್ ಮಿಚೆಲ್ ಅನ್ನುವವರು ಸುಮಾರು 7,000 ಗಂಟೆ ಕೂತು ಅದರ ಮೇಲಿನ ಕಲ್ಲನ್ನು ಬಿಡಿಸಿದರು. ಹೆಸರಿನ ಎರಡನೇ ಭಾಗ, ಮಾರ್ಕ್‌ಮಿಚೆಲಿ, ಅವರ ಗೌರವಕ್ಕೆ ಇಟ್ಟದ್ದು. ನನಗೆ ಇದು ಬಹಳ ಇಷ್ಟವಾದ ಹೆಸರು. ಚರ್ಮದ ರಾಸಾಯನಿಕ ಗುರುತು ನೋಡಿ ಅಧ್ಯಯನ ಮಾಡಿದವರು ಬೆನ್ನು ಕೆಂಪುಗಂದು, ಹೊಟ್ಟೆ ತಿಳಿ ಅಂದರು. 2020ರಲ್ಲಿ ಹೊಟ್ಟೆಯೊಳಗಿನ ಊಟದ ವಿವರವೂ ಬಂತು: ಜಾಸ್ತಿ ಜರಿಗಿಡದ ಎಲೆ, ಜೊತೆಗೆ ಇದ್ದಿಲಿನ ಚೂರು. ಅಂದರೆ ಬೆಂಕಿ ಬಿದ್ದು ಮತ್ತೆ ಚಿಗುರುತ್ತಿದ್ದ ಜಾಗದಲ್ಲಿ ಅದು ಮೇಯ್ದಿರಬೇಕು. ಚಿತ್ರ ಬಿಡಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ! ಸುಟ್ಟ ಕಾಂಡಗಳ ನಡುವೆ ಎಳೆ ಹಸಿರು, ಅದರಲ್ಲಿ ಮುಖ ಇಟ್ಟ ಗುರಾಣಿ ಪ್ರಾಣಿ.

ಇಷ್ಟು ಸಾಕ್ಷಿ ಎಲ್ಲದಕ್ಕೂ ಸಿಗುವುದಿಲ್ಲ. ಅರ್ಜೆಂಟೀನಾದ ಅಮರ್ಗಾಸಾರಸ್‌ನ ಕುತ್ತಿಗೆ ಮೇಲೆ ಎರಡು ಸಾಲು ಉದ್ದುದ್ದ ಮೂಳೆಗಳಿವೆ. ಅವು ಬಿಡಿ ಮುಳ್ಳುಗಳಾ, ಇಲ್ಲಾ ದೋಣಿಯ ಹಾಯಿಯಂತೆ ಚರ್ಮ ಹೊದ್ದ ಪಟವಾ ಅಂತ ಚಿತ್ರಕಾರರು ವರ್ಷಗಟ್ಟಲೆ ಜಗಳ ಆಡಿದ್ದಾರೆ. 2022ರಲ್ಲಿ ಆ ಮೂಳೆಯ ತೆಳು ಪದರ ಕತ್ತರಿಸಿ ನೋಡಿದವರು ಅದರೊಳಗಿನ ನಾರಿನ ಗುರುತು ಪಟದ ಕಡೆಗೇ ಇದೆ ಅಂದರು. ಮುಳ್ಳು ಚಿತ್ರದಲ್ಲಿ ಗತ್ತಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೂ ಈಗ ನಾನು ಪಟವನ್ನೇ ಬಿಡಿಸುವುದು.

ಊಹೆ ನಿಜವಾಗಿ ಜಾಸ್ತಿ ಬೇಕಾಗುವುದು ನಮ್ಮದೇ ಬರಾಪಾಸಾರಸ್‌ಗೆ. ಗೋದಾವರಿ ಕಣಿವೆಯಲ್ಲಿ ಸಿಕ್ಕ ಉದ್ದ ಕುತ್ತಿಗೆಯ ಪ್ರಾಣಿ. 1975ರಲ್ಲಿ ಬರಾಪಾಸಾರಸ್ ಟಾಗೋರೈ ಅಂತ ಹೆಸರಿಟ್ಟರು. ಬಂಗಾಳಿಯಲ್ಲಿ ಪಾ ಅಂದರೆ ಕಾಲು, ಹೆಸರಿನ ಅರ್ಥ ದೊಡ್ಡ ಕಾಲಿನ ಹಲ್ಲಿ. ಉಳಿದರ್ಧ ರವೀಂದ್ರನಾಥ ಟಾಗೋರ್ ನೆನಪಿಗೆ. ಅಸ್ಥಿಪಂಜರ ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಂತಿದೆ. ಮೈಯ ಮೂಳೆಗಳು ಬೇಕಾದಷ್ಟು ಸಿಕ್ಕಿವೆ, ಆದರೆ ತಲೆಬುರುಡೆ ಇಲ್ಲ. ಸಿಕ್ಕಿದ್ದು ಕೆಲವು ಹಲ್ಲು ಮಾತ್ರ, ಚಮಚದ ಆಕಾರದವು, ಅಂಚಿನಲ್ಲಿ ಒರಟು ಗರಗಸ.

ಹಾಗಾದರೆ ಮುಖ? ನೆಂಟರಿಂದ ಕಡ ತರಬೇಕು. ಚೀನಾದ ಶೂನೋಸಾರಸ್‌ನ ತಲೆಬುರುಡೆ ಸಿಕ್ಕಿದೆ, ಅದನ್ನು ಮುಂದಿಟ್ಟುಕೊಂಡು ಈ ಹಲ್ಲು ಕೂರುವಂಥ ದವಡೆ ಬಿಡಿಸಬೇಕು. ಕಣ್ಣು, ರೆಪ್ಪೆಗೆ ಈಗಲೂ ಬದುಕಿರುವ ನೆಂಟರಾದ ಮೊಸಳೆ ಮತ್ತು ಹಕ್ಕಿ ಎರಡನ್ನೂ ನೋಡಬೇಕು. ಬಣ್ಣ ಪೂರ್ತಿ ನಿಮ್ಮದು. ಅದನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಬರೆದುಬಿಡಿ: ತಲೆ ನೆಂಟರದ್ದು, ಬಣ್ಣ ನನ್ನದು.

ಈ ಪ್ರಾಣಿಗೆ ಚಿತ್ರಗಳು ತುಂಬಾ ಕಡಿಮೆ, ಅದೇ ನನ್ನ ಬೇಸರ. ಬಿಡಿಸುವ ಮನಸ್ಸಿದ್ದರೆ ತಲೆಯಿಂದ ಶುರು ಮಾಡಬೇಡಿ. ತೊಡೆಮೂಳೆಯಿಂದ ಮಾಡಿ. ಅದೊಂದೇ ಸುಮಾರು 1.7 ಮೀಟರ್. ಪಕ್ಕದಲ್ಲಿ ನಿಮ್ಮನ್ನೇ ನಿಲ್ಲಿಸಿ ಅಳತೆ ಹಾಕಿ, ಆಮೇಲೆ ಬೆನ್ನಿಗೆ ಹತ್ತಿ.