ಪಕ್ಕದವರ ಜೊತೆ ಜೀಕಿದರೆ ಹೊಸ ಸ್ವರ

ಕೆನಡಾದ ಮಾಂಟ್ರಿಯಲ್‌ನಲ್ಲಿ ಚಳಿಗಾಲ ಮುಗಿಯುವುದೇ ತಡ, ಜನ ಬೀದಿಗಿಳಿಯುತ್ತಾರೆ. 2011ರಲ್ಲಿ ಹಾಗೆ ಹೊರಬಂದವರಿಗೆ ಊರ ನಡುವೆ 21 ಜೋಕಾಲಿಗಳ ಸಾಲು ಕಂಡಿತು. ಒಂದರಲ್ಲಿ ಕೂತು ಜೀಕಿದರೆ ಸ್ವರ ಕೇಳುತ್ತದೆ. ಪಕ್ಕದವರು ಜೀಕಿದರೆ ಅವರದೂ ಸೇರುತ್ತದೆ. ಇಷ್ಟೇ ಆಗಿದ್ದರೆ ಚೆಂದದ ಆಟಿಕೆ ಅಂದು ಮುಂದೆ ಹೋಗಬಹುದಿತ್ತು. ಆದರೆ ಕೆಲವು ಮಟ್ಟುಗಳು ಒಬ್ಬರಿಂದ ಹೊರಡುವುದೇ ಇಲ್ಲ. ಹಲವರು ಒಂದೇ ಲಯದಲ್ಲಿ ತೂಗಿದಾಗ ಮಾತ್ರ ಕೇಳುತ್ತವೆ.

ಸ್ಟಾಕ್‌ಹೋಮ್‌ನ ಮೆಟ್ರೊ ನಿಲ್ದಾಣದಲ್ಲಿ 2009ರಲ್ಲಿ ಮಾಡಿದ, ತುಳಿದರೆ ಸ್ವರ ಹೊರಡುವ ಪಿಯಾನೊ ಮೆಟ್ಟಿಲುಗಳು ಇದಕ್ಕಿಂತ ಜಾಸ್ತಿ ಹೆಸರು ಮಾಡಿದವು. ನನಗೇನೋ ಜೋಕಾಲಿಯೇ ಇಷ್ಟ.

ಈ ಜೋಕಾಲಿಗಳನ್ನು ರೂಪಿಸಿದವರು ಮೂನಾ ಆಂಡ್ರಾವೋಸ್ ಮತ್ತು ಮೆಲಿಸಾ ಮೊಂಜಿಯಾ. ಒಬ್ಬರೊಡನೊಬ್ಬರು ಸಹಕರಿಸುವುದು ಹೇಗೆ ಅನ್ನುವ ವಿಚಾರದಲ್ಲಿ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವ ವಿಜ್ಞಾನಿ ಲುಕ್-ಅಲೆನ್ ಜಿರಾಲ್ಡೊ ಜೊತೆಗೂಡಿದ್ದರು. ಜಿರಾಲ್ಡೊ ಪ್ರಯೋಗಕ್ಕೆ ಸಾಕಿದ್ದ ಹಕ್ಕಿ ಯಾವುದು ಗೊತ್ತಾ? ನಮ್ಮ ಗದ್ದೆ ಬದಿಯಲ್ಲೂ ಕಾಣುವ ಚುಕ್ಕೆ ರಾಟವಾಳ. ಗುಂಪಿನಲ್ಲಿ ಯಾವ ಹಕ್ಕಿ ತಾನೇ ಕಾಳು ಹುಡುಕುತ್ತದೆ, ಯಾವುದು ಇನ್ನೊಂದಕ್ಕೆ ಸಿಕ್ಕಿದ್ದರಲ್ಲಿ ಪಾಲಿಗೆ ಬರುತ್ತದೆ ಅನ್ನುವುದು ಅವರ ಕುತೂಹಲ.

ಗುರುತೇ ಇಲ್ಲದ ಇಬ್ಬರು ಲಯ ಹೊಂದಿಸುವುದು ಕಷ್ಟ ಅಲ್ವಾ? ಅರ್ಧ ಕೆಲಸವನ್ನು ಜೋಕಾಲಿಯೇ ಮಾಡಿಕೊಡುತ್ತದೆ. ಅದೊಂದು ಲೋಲಕ. ಹೋಗಿ ಬರುವ ಹೊತ್ತು ನಿಂತಿರುವುದು ಮುಖ್ಯವಾಗಿ ಹಗ್ಗದ ಉದ್ದದ ಮೇಲೆ, ಕೂತವರ ತೂಕದ ಮೇಲಲ್ಲ. ಎರಡೂಕಾಲು ಮೀಟರ್ ಹಗ್ಗವಾದರೆ ಒಮ್ಮೆ ಹೋಗಿ ಬರಲು ಸುಮಾರು 3 ಸೆಕೆಂಡ್. 15 ಕೆ.ಜಿ.ಯ ಮಗುವಿಗೂ ಅಷ್ಟೇ, 80 ಕೆ.ಜಿ.ಯ ಅಪ್ಪನಿಗೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಈ ಲೆಕ್ಕ ಸಣ್ಣದಾಗಿ ತೂಗುವಾಗ ಮಾತ್ರ ಸರಿ. ಅತ್ತ ಇತ್ತ 60 ಡಿಗ್ರಿ ತನಕ ಜೀಕಿದರೆ ಶೇ. 7ರಷ್ಟು ಜಾಸ್ತಿ ಹೊತ್ತು ಬೇಕು. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಸಣ್ಣದಾಗಿ ಜೀಕುವವರೂ ಎತ್ತರ ಜೀಕುವವರೂ ಒಟ್ಟಿಗೆ ಶುರು ಮಾಡಲಿ, ಏಳೆಂಟು ಸಲ ತೂಗುವಷ್ಟರಲ್ಲಿ ಒಬ್ಬರು ಮುಂದಿದ್ದರೆ ಇನ್ನೊಬ್ಬರು ಹಿಂದಿರುತ್ತಾರೆ. ಮಟ್ಟು ಕೈಬಿಟ್ಟು ಹೋಯಿತು!

ನಾಗರ ಪಂಚಮಿಯಲ್ಲಿ ನಿಂತು ಜೀಕಿದವರಿಗೆ ಇನ್ನೊಂದು ವಿಷಯ ಮೈಯಲ್ಲೇ ಗೊತ್ತಿರುತ್ತದೆ. ಎದ್ದು ನಿಂತರೆ ಮೈಭಾರದ ನಡು ಮೇಲೇರಿ ಲೋಲಕ ಗಿಡ್ಡವಾಗುತ್ತದೆ, ಜೋಕಾಲಿ ಚುರುಕಾಗುತ್ತದೆ. ಈ ಸ್ವರದ ಜೋಕಾಲಿಯಲ್ಲಿ ಹಾಗೆ ನಿಂತರೆ ಪಕ್ಕದವರ ಲಯ ಸಿಗುವುದಿಲ್ಲ. ಕೂತೇ ಜೀಕಬೇಕು, ಅವರಷ್ಟೇ ಎತ್ತರಕ್ಕೆ.