ರೈಟ್ ಆಫ್ ವೇ: ಟ್ರಾಮಿಗೆ ದಾರಿ ಬಿಡುವವರು ಯಾರು?

ಪೇಟೆಯ ನಡುವೆ ಟ್ರಾಮ್ ಹಾಕಬೇಕೋ ಬೇಡವೋ ಎಂಬ ಜಗಳ ಜಗತ್ತಿನ ಎಷ್ಟೋ ಮಧ್ಯಮ ಗಾತ್ರದ ನಗರಗಳಲ್ಲಿ ನಡೆದಿದೆ. ಬೇಕು ಎನ್ನುವವರು ಹೊಳೆಯುವ ಬೋಗಿಯ ಚಿತ್ರ ತೋರಿಸುತ್ತಾರೆ. ಬೇಡ ಎನ್ನುವವರು ಖರ್ಚಿನ ಲೆಕ್ಕ ಮುಂದಿಡುತ್ತಾರೆ. ಯೋಜನಾ ವರದಿಯ ಒಳಪುಟದಲ್ಲಿ ಮಾತ್ರ ಒಂದು ಪದ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ. ಅದು ‘ರೈಟ್ ಆಫ್ ವೇ’. ಟ್ರಾಮ್ ಗೆಲ್ಲುತ್ತದೋ ಸೋಲುತ್ತದೋ ಎಂಬುದು, ನನ್ನ ಪ್ರಕಾರ, ಮುಕ್ಕಾಲು ಪಾಲು ಆ ಪುಟದಲ್ಲೇ ತೀರ್ಮಾನವಾಗಿರುತ್ತದೆ.

ಈ ಪದ ಬೇರೆ ಕಡೆಯೂ ಬರುತ್ತದೆ. ಪಕ್ಕದವರ ಜಮೀನು ದಾಟಿ ಹೊಲಕ್ಕೆ ಹೋಗುವ ದಾರಿ ಹಕ್ಕಿಗೂ ಇದೇ ಹೆಸರು. ಸರ್ಕಲ್‌ನಲ್ಲಿ ಯಾರ ಗಾಡಿ ಮೊದಲು ಹೋಗಬೇಕು ಎಂಬುದಕ್ಕೂ ಇದೇ ಹೆಸರು. ಸಾರಿಗೆ ಯೋಜನೆ ಮಾಡುವವರ ಬಾಯಲ್ಲಿ ಅರ್ಥ ಬೇರೆ. ಬಸ್ಸೋ ಟ್ರಾಮೋ ಓಡುವ ದಾರಿ ಎಷ್ಟರ ಮಟ್ಟಿಗೆ ಅದರದ್ದೇ ಆಗಿದೆ, ಎಷ್ಟನ್ನು ಅದು ಕಾರು, ಸ್ಕೂಟರ್, ಆಟೋಗಳ ಜೊತೆ ಹಂಚಿಕೊಳ್ಳಬೇಕು ಎಂಬುದನ್ನು ಅವರು ಹೀಗೆ ಕರೆಯುತ್ತಾರೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವೂಕನ್ ವೂಚಿಕ್ ಇದನ್ನು ಮೂರು ದರ್ಜೆಯಾಗಿ ವಿಂಗಡಿಸಿದರು. ಎ ದರ್ಜೆ ಎಂದರೆ ಪೂರ್ತಿ ಪ್ರತ್ಯೇಕ ದಾರಿ. ಬೇರೆ ಯಾವ ವಾಹನವೂ ಅದನ್ನು ಅಡ್ಡ ಹಾಯುವುದಿಲ್ಲ. ನಮ್ಮ ಮೆಟ್ರೋ ಹಾಗೆ. ಸಿ ದರ್ಜೆ ಎಂದರೆ ಎಲ್ಲರೂ ಓಡಾಡುವ ರಸ್ತೆ. ನಮ್ಮ ಮಾಮೂಲಿ ಸಿಟಿ ಬಸ್ಸು ಓಡುವುದು ಇಲ್ಲೇ. ನಡುವಿನದು ಬಿ ದರ್ಜೆ. ರಸ್ತೆಯ ಉದ್ದಕ್ಕೂ ಕಟ್ಟೆ ಅಥವಾ ರೇಲಿಂಗ್ ಹಾಕಿ ಪ್ರತ್ಯೇಕ ಲೇನ್ ಕೊಟ್ಟಿರುತ್ತಾರೆ, ಆದರೆ ಸಿಗ್ನಲ್ ಬಂದಾಗ ಬೇರೆ ವಾಹನಗಳು ಅಡ್ಡ ದಾಟುತ್ತವೆ. ಒಂದು ಸಾರಿಗೆ ವ್ಯವಸ್ಥೆ ಎಷ್ಟು ವೇಗವಾಗಿ, ಎಷ್ಟು ನಂಬುವಂತೆ ಓಡುತ್ತದೆ ಎಂಬುದನ್ನು ವಾಹನಕ್ಕಿಂತ ಜಾಸ್ತಿ ಈ ದರ್ಜೆಯೇ ನಿರ್ಧರಿಸುತ್ತದೆ ಎನ್ನುವುದು ವೂಚಿಕ್ ಅವರ ವಾದ. ಹಣದ ಲೆಕ್ಕವೂ ಅಷ್ಟೇ. ಎ ದರ್ಜೆ ಬೇಕೆಂದರೆ ಸುರಂಗ ತೋಡಬೇಕು, ಇಲ್ಲವೇ ಮೇಲ್ಸೇತುವೆ ಕಟ್ಟಬೇಕು.

ಟ್ರಾಮಿನ ವಿಶೇಷ ಏನೆಂದರೆ, ಅದು ಈ ಮೂರರಲ್ಲೂ ಓಡಬಲ್ಲದು. ಹಾಗಾಗಿ ‘ನಮ್ಮ ಊರಿಗೆ ಟ್ರಾಮ್ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ನಿಜಕ್ಕೂ ಏನು ಬರುತ್ತದೆ ಎಂದು ಗೊತ್ತಾಗುವುದಿಲ್ಲ.

ಸಿ ದರ್ಜೆಯಲ್ಲಿ ಟ್ರಾಮ್ ಬಸ್ಸಿಗಿಂತ ಕಷ್ಟದಲ್ಲಿರುತ್ತದೆ. ದಾರಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಬಸ್ ಡ್ರೈವರ್ ಪಕ್ಕಕ್ಕೆ ತಿರುಗಿಸಿ ದಾಟುತ್ತಾನೆ. ಟ್ರಾಮ್ ಡ್ರೈವರ್ ಗಂಟೆ ಬಾರಿಸುತ್ತಾ ಕೂರಬೇಕು. ಯಾರೋ ಕಾರನ್ನು ಹಳಿಯ ಕಡೆಗೆ ಒಂದಡಿ ಹೊರಚಾಚಿ ನಿಲ್ಲಿಸಿ ಕಾಫಿಗೆ ಹೋದರೆ ಸಾಕು, ಹಿಂದಿರುವ ಟ್ರಾಮ್‌ಗಳೆಲ್ಲ ನಿಲ್ಲುತ್ತವೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಓಡುವುದರಿಂದ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬಸ್ಸಿಗಿಂತ ಜಾಸ್ತಿ ದೂರ ಬೇಕು. ಅದಕ್ಕೇ ಜನ, ಸ್ಕೂಟರ್ ಕಿಕ್ಕಿರಿದ ಬೀದಿಯಲ್ಲಿ ಟ್ರಾಮ್ ತೆವಳಿಕೊಂಡೇ ಹೋಗಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ. ಸುಮಾರು 3 ಲಕ್ಷ ಜನರ ನಗರ. ಸಾರಿಗೆ ವಿಷಯದಲ್ಲಿ ಅದರ ಹಣೆಬರಹವೇ ವಿಚಿತ್ರ. 1920ರ ದಶಕದಲ್ಲಿ ಸುರಂಗ ರೈಲಿಗೆಂದು ತೋಡಿದ ಸುರಂಗ ಇವತ್ತಿಗೂ ಅಲ್ಲಿದೆ, ಪ್ರಯಾಣಿಕರನ್ನು ಹೊತ್ತ ಒಂದು ರೈಲೂ ಅದರಲ್ಲಿ ಓಡಲಿಲ್ಲ. ಹಳೆಯ ಟ್ರಾಮ್ 1951ರಲ್ಲಿ ನಿಂತಿತು. ಹೊಸ ಟ್ರಾಮಿನ ಮಾತು ಬಂದಾಗ ಅದನ್ನು ತಡೆಯಲು 2009ರಲ್ಲಿ ಮತ್ತು 2011ರಲ್ಲಿ ಎರಡು ಸಲ ಜನಮತ ನಡೆಯಿತು. ಎರಡು ಸಲವೂ ತಡೆಯುವವರು ಸೋತರು. 2013ರಲ್ಲಿ ಟ್ರಾಮ್ ವಿರೋಧಿಸಿದ ಜಾನ್ ಕ್ರಾನ್ಲಿ ಮೇಯರ್ ಆದರು. ಆ ಡಿಸೆಂಬರ್‌ನಲ್ಲಿ ಕೆಲಸ ನಿಂತು ಮತ್ತೆ ಶುರುವಾಯಿತು. ಕೊನೆಗೆ 2016ರ ಸೆಪ್ಟೆಂಬರ್‌ನಲ್ಲಿ ಸುಮಾರು 5.8 ಕಿಲೋಮೀಟರ್ ಸುತ್ತಿನ ದಾರಿಯಲ್ಲಿ ಟ್ರಾಮ್ ಓಡಿತು. ಖರ್ಚು ಸುಮಾರು 14.8 ಕೋಟಿ ಡಾಲರ್.

ಇಷ್ಟೆಲ್ಲ ಗುದ್ದಾಟದಲ್ಲಿ ದಾರಿ ಯಾವ ದರ್ಜೆಯದು ಎಂಬುದು ದೊಡ್ಡ ವಿಷಯ ಆಗಲೇ ಇಲ್ಲ. ಟ್ರಾಮ್ ಕಾರುಗಳ ನಡುವೆಯೇ ಓಡಿತು. ಹೋಗುವುದು ಒಂದು ಬೀದಿಯಲ್ಲಿ, ಬರುವುದು ಇನ್ನೊಂದರಲ್ಲಿ. ಹಳಿಯ ಪಕ್ಕದಲ್ಲೇ ಕಾರ್ ಪಾರ್ಕಿಂಗ್. ಸಿಗ್ನಲ್‌ಗಳೂ ಅದಕ್ಕೆ ದಾರಿ ಬಿಡುವಂತೆ ಇರಲಿಲ್ಲ. ಮೊದಲ ವರ್ಷಗಳಲ್ಲಿ ಜನ ಅಂದುಕೊಂಡಷ್ಟು ಹತ್ತಲಿಲ್ಲ. ಪೇಟೆಯಲ್ಲಿ ಎರಡು ಕಿಲೋಮೀಟರ್ ಹೋಗಬೇಕಾದವನಿಗೆ ಕಾಯುವುದಕ್ಕಿಂತ ನಡೆದು ಹೋಗುವುದೇ ಸಲೀಸು, ಅಲ್ವಾ? 2020ರಲ್ಲಿ ಟಿಕೆಟ್ ತೆಗೆದು ಉಚಿತ ಮಾಡಿದರು. ಆಮೇಲೆ ಜನ ಹೆಚ್ಚಿದರು. 2023ರಲ್ಲಿ ವರ್ಷಕ್ಕೆ 10 ಲಕ್ಷ ಪ್ರಯಾಣ ದಾಟಿತು. ಅದು ಸಂತೋಷದ ವಿಷಯವೇ. ಆದರೆ ಅದು ಉಚಿತ ಪ್ರಯಾಣದ ಗೆಲುವು. ಅದೇ ದಾರಿಯಲ್ಲಿ ಅದೇ ದುಡ್ಡಿಗೆ ಎಷ್ಟು ಉಚಿತ ಬಸ್ ಓಡಿಸಬಹುದಿತ್ತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಹಾಗಾದರೆ ಸಿ ದರ್ಜೆಯ ಟ್ರಾಮ್ ಎಲ್ಲೂ ನಡೆಯುವುದಿಲ್ಲವೇ? ನಡೆಯುತ್ತದೆ. 2016ರ ಮೇ ತಿಂಗಳಲ್ಲಿ ಅಮೆರಿಕದ್ದೇ ಆದ ಕಾನ್ಸಾಸ್ ಸಿಟಿಯಲ್ಲೂ 3.5 ಕಿಲೋಮೀಟರ್ ಟ್ರಾಮ್ ಶುರುವಾಯಿತು. ಅದೂ ಕಾರುಗಳ ನಡುವೆಯೇ ಓಡುತ್ತದೆ. ಆದರೂ ಮೊದಲ ವರ್ಷವೇ ಸುಮಾರು 20 ಲಕ್ಷ ಪ್ರಯಾಣ ಆಯಿತು. ಅಲ್ಲಿ ದಾರಿ ಬಹುಪಾಲು ಸುತ್ತು ಹಾಕುವುದಿಲ್ಲ. ಮೇನ್ ಸ್ಟ್ರೀಟ್‌ನಲ್ಲಿ ಹೋಗಿ ಅದೇ ಬೀದಿಯಲ್ಲಿ ವಾಪಸ್ ಬರುತ್ತದೆ. ಮೊದಲ ದಿನದಿಂದಲೇ ಉಚಿತ. ಹಣ ಬರುವುದು ಹಳಿಯ ಅಕ್ಕಪಕ್ಕದ ವಿಶೇಷ ತೆರಿಗೆ ವಲಯದಿಂದ. ಅಲ್ಲಿನ ಆಸ್ತಿದಾರರು ಮತ್ತು ಅಂಗಡಿಗಳಲ್ಲಿ ಕೊಳ್ಳುವವರು ಅದನ್ನು ಕಟ್ಟುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಇದನ್ನು ಇನ್ನೂ ಐದೂವರೆ ಕಿಲೋಮೀಟರ್ ದಕ್ಷಿಣಕ್ಕೆ ಬೆಳೆಸಿದರು. ಈ ಹೊಸ ಭಾಗದ ಕೆಲವು ಕಡೆ ಟ್ರಾಮಿಗೆ ಪ್ರತ್ಯೇಕ ಲೇನ್ ಸಿಕ್ಕಿದೆ. ದಾರಿ ಉದ್ದವಾದಷ್ಟೂ ಸಿ ದರ್ಜೆ ಕೈ ಕೊಡುತ್ತದೆ ಎಂಬುದು ಅವರಿಗೂ ಗೊತ್ತಾಗಿರಬೇಕು.

ಈಗ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನೋಡಿ. ಅದೂ ಹೆಚ್ಚುಕಮ್ಮಿ ಸಿನ್ಸಿನಾಟಿಯಷ್ಟೇ ದೊಡ್ಡದು. ತಮಾಷೆ ಎಂದರೆ ಸಿನ್ಸಿನಾಟಿ ಟ್ರಾಮ್ ಹೋಗುವ ಹಳೆಯ ಜರ್ಮನ್ ಬಡಾವಣೆಯ ಹೆಸರು ‘ಓವರ್ ದ ರೈನ್’. ಸ್ಟ್ರಾಸ್‌ಬರ್ಗ್ ಇರುವುದು ನಿಜವಾದ ರೈನ್ ನದಿಯ ದಡದಲ್ಲಿ. 1989ರ ಪಾಲಿಕೆ ಚುನಾವಣೆಯಲ್ಲಿ ಅಲ್ಲಿ ಒಂದು ಪಕ್ಷ ನೆಲದಡಿಯ ಚಾಲಕರಹಿತ ಮೆಟ್ರೋ ಬೇಕೆಂದಿತು. ಇನ್ನೊಂದು ಪಕ್ಷದ ಕ್ಯಾಥರೀನ್ ತ್ರೋತ್‌ಮಾನ್ ಟ್ರಾಮ್ ಬೇಕೆಂದರು. ಮೇಲ್ನೋಟಕ್ಕೆ ಇದು ವಾಹನದ ಜಗಳ. ಒಳಗೆ ಇದ್ದದ್ದು ದಾರಿಯ ಜಗಳ. ಮೆಟ್ರೋ ಎ ದರ್ಜೆಯದ್ದು. ಅದು ನೆಲದಡಿ ಹೋದರೆ ಮೇಲೆ ಕಾರುಗಳು ಹಾಗೇ ಇರಬಹುದು. ಟ್ರಾಮ್ ಬಂದರೆ ಕಾರುಗಳು ಜಾಗ ಬಿಡಬೇಕು. ತ್ರೋತ್‌ಮಾನ್ ಗೆದ್ದರು. ಊರ ನಡುವಿನ ಕ್ಲೇಬರ್ ಚೌಕದಲ್ಲಿ ದಿನಕ್ಕೆ ಸುಮಾರು 50 ಸಾವಿರ ಕಾರು ಹಾದುಹೋಗುತ್ತಿದ್ದವು. 1992ರಲ್ಲಿ ಅದನ್ನು ಕಾರುಗಳಿಗೆ ಮುಚ್ಚಿದರು. ಟ್ರಾಮ್ ಬಂದದ್ದು ಆಮೇಲೆ, 1994ರ ನವೆಂಬರ್‌ನಲ್ಲಿ. ಈ ಕ್ರಮ ಗಮನಿಸಿ. ಮೊದಲು ದಾರಿ ಬಿಡಿಸಿಕೊಂಡರು, ಆಮೇಲೆ ಹಳಿ ಮೇಲೆ ಬೋಗಿ ಓಡಿಸಿದರು. ಪೇಟೆಯೊಳಗೆ ಕಾರಿನಲ್ಲಿ ಬಂದವರು ಬಂದ ಕಡೆಯಿಂದಲೇ ಹೊರಗೆ ಹೋಗಬೇಕು, ಊರನ್ನು ಅಡ್ಡ ಹಾಯುವ ಹಾಗಿಲ್ಲ ಎಂದು ಮಾಡಿದರು. ಊರ ಅಂಚಿನಲ್ಲಿ ಕಾರು ನಿಲ್ಲಿಸಿದರೆ ಪಾರ್ಕಿಂಗ್ ಚೀಟಿಯಲ್ಲೇ ಕಾರಿನಲ್ಲಿದ್ದ ಎಲ್ಲರ ಟ್ರಾಮ್ ಪ್ರಯಾಣವೂ ಸೇರಿತ್ತು. ವ್ಯಾಪಾರಿಗಳು ಮೊದಲು ಬೊಬ್ಬೆ ಹಾಕಿದ್ದರು. ಇವತ್ತು ಅಲ್ಲಿನ ಟ್ರಾಮ್ ನದಿ ದಾಟಿ ಜರ್ಮನಿಯ ಕೇಲ್ ಊರಿನವರೆಗೆ ಹೋಗುತ್ತದೆ.

ನಮ್ಮ ದೇಶದಲ್ಲಿ ಈ ಪದದ ಅರ್ಥ ಚೆನ್ನಾಗಿ ಕಾಣುವುದು ಕೋಲ್ಕತ್ತಾದಲ್ಲಿ, ಉಲ್ಟಾ ದಿಕ್ಕಿನಲ್ಲಿ. 1873ರಲ್ಲಿ ಕುದುರೆ ಎಳೆಯುವ ಟ್ರಾಮ್, 1902ರಿಂದ ವಿದ್ಯುತ್ ಟ್ರಾಮ್. ಅಲ್ಲಿ ಎಷ್ಟೋ ಅಗಲ ರಸ್ತೆಗಳ ನಡುವೆ ಟ್ರಾಮಿಗೆಂದೇ ಹುಲ್ಲು ಬೆಳೆದ ಪ್ರತ್ಯೇಕ ಪಟ್ಟಿ ಇತ್ತು. ಅಂದರೆ ಬಿ ದರ್ಜೆ. 2000ದ ದಶಕದಲ್ಲಿ ಕಾರುಗಳಿಗೆ ಜಾಗ ಸಾಲದು ಎಂದು ಅವುಗಳಲ್ಲಿ ಹಲವನ್ನು ಕಾಂಕ್ರೀಟ್ ಹಾಕಿ ರಸ್ತೆಗೆ ಸೇರಿಸಿದರು. ಹಳಿ ಉಳಿಯಿತು, ದರ್ಜೆ ಇಳಿಯಿತು. ಟ್ರಾಮ್ ನಿಧಾನವಾಯಿತು, ಜನ ಬಿಟ್ಟರು, ಮಾರ್ಗಗಳು ಒಂದೊಂದಾಗಿ ನಿಂತವು. 2024ರಲ್ಲಿ ಮೈದಾನ-ಎಸ್‌ಪ್ಲನೇಡ್ ಪಾರಂಪರಿಕ ಮಾರ್ಗ ಬಿಟ್ಟು ಉಳಿದದ್ದನ್ನು ನಿಲ್ಲಿಸುವುದಾಗಿ ರಾಜ್ಯ ಸರ್ಕಾರ ಹೇಳಿತು. ಟ್ರಾಮ್ ಟ್ರಾಫಿಕ್‌ಗೆ ಅಡ್ಡಿ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು!

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಹಳಿ ಇಲ್ಲ, ಆದರೆ ಬಿ ದರ್ಜೆಯ ದಾರಿ ಇದೆ. ಬಿಆರ್‌ಟಿಎಸ್‌ನ ‘ಚಿಗರಿ’ ಬಸ್ಸುಗಳು 2018ರಿಂದ ಸುಮಾರು 22 ಕಿಲೋಮೀಟರ್ ಓಡುತ್ತಿವೆ, ಬಹುಪಾಲು ರಸ್ತೆಯ ನಡುವಿನ ತಮ್ಮದೇ ಲೇನ್‌ನಲ್ಲಿ. ನಿಲ್ದಾಣಗಳ ಬಳಿ ಹಿಂದಿನ ಬಸ್ಸು ಮುಂದಿನದನ್ನು ದಾಟಿ ಹೋಗಲು ಜಾಗ ಬಿಟ್ಟಿದ್ದಾರೆ. ಎರಡೇ ಹಳಿಯ ಟ್ರಾಮಿನಲ್ಲಿ ಈ ಸೌಕರ್ಯ ಇರುವುದಿಲ್ಲ. ಇತ್ತೀಚೆಗೆ ಇದೇ ದಾರಿಯಲ್ಲಿ ಇ-ಆರ್‌ಟಿ, ಅಂದರೆ ಟೈರಿನ ಮೇಲೆ ಓಡುವ ಉದ್ದನೆಯ ವಿದ್ಯುತ್ ವಾಹನ, ತರುವ ಪ್ರಸ್ತಾಪ ಬಂದಿದೆ. ಬಿಆರ್‌ಟಿಎಸ್ ಲೇನನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಿ ಎಂಬ ಕೂಗೂ ಇದೆ. ಇವೆರಡರಲ್ಲಿ ಮೊದಲನೆಯದು ವಾಹನ ಬದಲಿಸುವ ಮಾತು, ಎರಡನೆಯದು ದರ್ಜೆ ಬದಲಿಸುವ ಮಾತು. ಎರಡನೆಯದಕ್ಕೆ ಒಪ್ಪಿದರೆ ಮೊದಲನೆಯದಕ್ಕೆ ಎಷ್ಟು ಕೋಟಿ ಸುರಿದರೂ ಉಪಯೋಗವಿಲ್ಲ. ದೆಹಲಿ ಇದನ್ನು ಮಾಡಿ ನೋಡಿದೆ. 2008ರಲ್ಲಿ ಶುರುವಾದ ಅಂಬೇಡ್ಕರ್ ನಗರ-ಮೂಲ್‌ಚಂದ್ ಬಸ್ ಲೇನನ್ನು ಕಾರಿನವರ ಸಿಟ್ಟಿನ ನಡುವೆ 2016ರಲ್ಲಿ ಕಿತ್ತು ಹಾಕಿದರು.

ಟ್ರಾಮ್ ಪರ ಇರುವವರು ಇಲ್ಲಿ ಒಂದು ಮಾತು ಹೇಳುತ್ತಾರೆ. ಬಸ್ ಲೇನನ್ನು ಮುಂದಿನ ಸರ್ಕಾರ ಒಂದೇ ವಾರದಲ್ಲಿ ಅಳಿಸಬಹುದು, ಹಳಿಯನ್ನು ಹಾಗೆ ಕೀಳಲಾಗದು, ಆದ್ದರಿಂದ ಹಳಿಯೇ ದಾರಿಯ ಕಾವಲು ಅಂತ. ಪೂರ್ತಿ ತಳ್ಳಿಹಾಕುವ ಮಾತಲ್ಲ. ಆದರೆ ಕೋಲ್ಕತ್ತಾದಲ್ಲಿ ಹಳಿ ಕೀಳಬೇಕಾಗಲೇ ಇಲ್ಲ, ಅಕ್ಕಪಕ್ಕ ಕಾಂಕ್ರೀಟ್ ಸುರಿದರೆ ಸಾಕಾಯಿತು.

ಜಾಗದ ಲೆಕ್ಕ ಹೀಗಿದೆ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ನಾಕ್ಟೋ ಕೊಡುವ ಅಂದಾಜಿನಂತೆ, ಒಂದು ಲೇನ್‌ನಲ್ಲಿ ಬರೀ ಕಾರು ಓಡಿದರೆ ಗಂಟೆಗೆ 600ರಿಂದ 1,600 ಜನ ಸಾಗುತ್ತಾರೆ. ಅದೇ ಲೇನನ್ನು ಬಸ್ಸಿಗೆ ಮೀಸಲಿಟ್ಟರೆ 4,000ದಿಂದ 8,000. ಕಟ್ಟೆ ಕಟ್ಟಿ, ಒಳ್ಳೆಯ ನಿಲ್ದಾಣ ಮಾಡಿ, ಬಸ್ ಅಥವಾ ಟ್ರಾಮ್ ಓಡಿಸಿದರೆ 10 ಸಾವಿರದಿಂದ 25 ಸಾವಿರ. ಬಸ್ಸೋ ಟ್ರಾಮೋ ಎಂಬುದು ಕೊನೆಯ ಸಾಲಿನೊಳಗಿನ ಪ್ರಶ್ನೆ ಮಾತ್ರ. ಗಂಟೆಗೆ ಒಂದು ದಿಕ್ಕಿನಲ್ಲಿ ಮೂರು ನಾಲ್ಕು ಸಾವಿರ ಜನ ಓಡಾಡುವ ಊರಿಗೆ ಬಸ್ ಲೇನ್ ಸಾಕು. ಹಳಿ ಹಾಕಲು ರಸ್ತೆ ಅಗೆದರೆ ನೀರಿನ ಪೈಪು, ಒಳಚರಂಡಿ, ಕೇಬಲ್ ಎಲ್ಲವನ್ನೂ ಸ್ಥಳಾಂತರಿಸಬೇಕು. ಸ್ಕಾಟ್ಲೆಂಡಿನ ಎಡಿನ್‌ಬರೋ ಟ್ರಾಮ್ 2014ರಲ್ಲಿ ಓಡುವಷ್ಟರಲ್ಲಿ ಖರ್ಚು 77.6 ಕೋಟಿ ಪೌಂಡ್‌ಗೆ ಏರಿದ್ದಕ್ಕೆ ಈ ಪೈಪುಗಳ ಪಾಲೂ ಇದೆ.

ಹಾಗಾಗಿ ಯಾವುದೇ ಊರಿನ ಟ್ರಾಮ್ ವರದಿ ಕೈಗೆ ಸಿಕ್ಕರೆ ನಾನು ಬೋಗಿಯ ಚಿತ್ರ ಬಿಟ್ಟು ರಸ್ತೆಯ ಅಡ್ಡಸೀಳು ನಕ್ಷೆ ಹುಡುಕುತ್ತೇನೆ. ರಸ್ತೆಯ ಅಗಲ ಎಷ್ಟು, ಅದರಲ್ಲಿ ಟ್ರಾಮಿಗೆ ಎಷ್ಟು, ಪಾರ್ಕಿಂಗ್ ಎಲ್ಲಿಗೆ ಹೋಗುತ್ತದೆ, ಫುಟ್‌ಪಾತ್ ಉಳಿದಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಅಗಲವಾದ ರಸ್ತೆಯ ನಕ್ಷೆ ಯಾವಾಗಲೂ ಚಂದ. ನೋಡಬೇಕಾದ್ದು ಅತಿ ಇಕ್ಕಟ್ಟಾದ ಜಾಗದ ನಕ್ಷೆ: ಹಳೆಯ ಮಾರ್ಕೆಟ್ ಬೀದಿ, ರೈಲ್ವೆ ಸೇತುವೆ. ಹತ್ತು ಕಿಲೋಮೀಟರ್‌ನಲ್ಲಿ ಒಂಬತ್ತೂವರೆ ಬಿ ದರ್ಜೆ ಇದ್ದು, ಮಾರ್ಕೆಟ್ಟಿನ ಅರ್ಧ ಕಿಲೋಮೀಟರ್ ಸಿ ದರ್ಜೆ ಆದರೆ, ಇಡೀ ವೇಳಾಪಟ್ಟಿ ಆ ಅರ್ಧ ಕಿಲೋಮೀಟರ್ ಹೇಳಿದಂತೆ ಕೇಳುತ್ತದೆ. ಅಲ್ಲಿ ಸಿಕ್ಕಿಬಿದ್ದ ಟ್ರಾಮ್‌ಗಳು ಒಂದರ ಹಿಂದೊಂದು ಸಾಲಾಗಿ ಹೊರಬರುತ್ತವೆ, ಮುಂದಿನ ನಿಲ್ದಾಣದವರು ಇಪ್ಪತ್ತು ನಿಮಿಷ ಕಾದ ಮೇಲೆ ಮೂರು ಟ್ರಾಮ್ ಒಟ್ಟಿಗೆ ಬರುತ್ತವೆ. ಆ ಅರ್ಧ ಕಿಲೋಮೀಟರಿನಲ್ಲಿ ಕಾರುಗಳನ್ನು ತಡೆದು ಟ್ರಾಮಿಗೆ ದಾರಿ ಬಿಡಿಸುವ ಪಾಲಿಕೆ ಹಳಿ ಹಾಕಲಿ. ಅದಾಗದಿದ್ದರೆ ಆ ಹಣದಲ್ಲಿ ಬಸ್ ಕೊಳ್ಳಲಿ.