ಜೋಯಿಸರು ಬಂದದ್ದು ಆ ರಾತ್ರಿಯಲ್ಲ

ಪ್ರಶ್ನೆ: ಯೇಸು ಹುಟ್ಟಿದ ರಾತ್ರಿಯೇ ಮೂವರು ಜ್ಞಾನಿಗಳು ಗೋದಲಿಯ ಬಳಿಗೆ ಬಂದರಲ್ಲವೇ?

ಅಲ್ಲ. ಪ್ರತಿ ಡಿಸೆಂಬರಿನಲ್ಲೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ ಬರೆಯುತ್ತೇನೆ. ಈ ಬಾರಿಯಾದರೂ ದಯವಿಟ್ಟು ಬೈಬಲನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಗೋದಲಿಯೂ ಕುರುಬರೂ ಇರುವುದು ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ. ನಕ್ಷತ್ರ ಕಂಡು ಬಂದ ಜೋಯಿಸರು, ಅಂದರೆ ನೀವು ಹೇಳುವ ಜ್ಞಾನಿಗಳು, ಇರುವುದು ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ. ಎರಡನ್ನೂ ಒಂದೇ ಹುಲ್ಲಿನ ಚಪ್ಪರದಡಿ ತಂದು ನಿಲ್ಲಿಸಿದವರು ನಾವು. ಮತ್ತಾಯನ ಪ್ರಕಾರ ಜೋಯಿಸರು ಒಳಹೊಕ್ಕದ್ದು ಒಂದು ಮನೆಯನ್ನು. ಅಲ್ಲಿ ಗೋದಲಿಯ ಮಾತೇ ಇಲ್ಲ. ನಕ್ಷತ್ರ ಯಾವಾಗ ಕಾಣಿಸಿತೆಂದು ಯೆಹೂದ್ಯರ ಅರಸ ಹೆರೋದನು ಅವರನ್ನೇ ವಿಚಾರಿಸಿಕೊಂಡಿದ್ದ. ಆ ಲೆಕ್ಕ ಹಿಡಿದು ಬೆತ್ಲೆಹೇಮಿನ ಸುತ್ತಮುತ್ತಲಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ. ನಿನ್ನೆ ಮೊನ್ನೆ ಹುಟ್ಟಿದ ಕೂಸಿಗೆ ಎರಡು ವರ್ಷದ ಲೆಕ್ಕವೇಕೆ?

ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವ ಸಾಕ್ಷಿ ಎರಡು ಹಕ್ಕಿಗಳು. ಗಂಡುಮಗು ಹುಟ್ಟಿ 40 ದಿನ ಕಳೆದ ಮೇಲೆ ತಾಯಿ ದೇವಾಲಯಕ್ಕೆ ಕುರಿಮರಿಯನ್ನು ಅರ್ಪಿಸಬೇಕು, ಕೈಲಾಗದಿದ್ದರೆ ಜೋಡಿ ಪಾರಿವಾಳ ಸಾಕು ಎನ್ನುತ್ತದೆ ಹಳೆಯ ಒಡಂಬಡಿಕೆಯ ಯಾಜಕಕಾಂಡ. ಯೆರೂಸಲೇಮಿನ ದೇವಾಲಯದಲ್ಲಿ ಮರಿಯಳೂ ಯೋಸೇಫನೂ ಕೊಟ್ಟದ್ದು ಹಕ್ಕಿಗಳ ಕಾಣಿಕೆ, ಬಡವರ ಕಾಣಿಕೆ. ಮನೆಯಲ್ಲಿ ಜೋಯಿಸರು ಕೊಟ್ಟ ಚಿನ್ನವಿದ್ದರೆ ಹಾಗೆ ಕೊಡುತ್ತಿದ್ದರೇ? ಅದೂ ಅಲ್ಲದೆ, ಜೋಯಿಸರು ಹೊರಟ ಬೆನ್ನಿಗೇ ಆ ಕುಟುಂಬ ಐಗುಪ್ತಕ್ಕೆ (ಈಜಿಪ್ಟಿಗೆ) ಓಡಿತು. ಓಡಿಹೋಗಬೇಕಾದವರು ಹೆರೋದನ ಕಣ್ಣೆದುರಿನ ಯೆರೂಸಲೇಮಿಗೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆಯೇ? ಆದ್ದರಿಂದ ಜೋಯಿಸರು ಬಂದದ್ದು ಆ 40 ದಿನಗಳ ನಂತರವೇ ಎನ್ನುವುದು ನನ್ನ ಲೆಕ್ಕ.

"ಜನವರಿ 6ಕ್ಕೆ ಜೋಯಿಸರ ಭೇಟಿಯ ಹಬ್ಬವಿದೆಯಲ್ಲ, ಅಂದರೆ 12 ದಿನಕ್ಕೆ ಬಂದರು" ಎಂದು ವಾದಿಸುವವರಿದ್ದಾರೆ. ಅದು ಹಬ್ಬದ ಪಂಚಾಂಗ, ಅವರ ಪ್ರಯಾಣದ ದಿನಚರಿಯಲ್ಲ.

ಇನ್ನು ಮೂವರು ಎಂಬ ಸಂಖ್ಯೆ ಬಂದದ್ದು ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ. ರೋಮಿನ ನೆಲಮಾಳಿಗೆಯ ಸಮಾಧಿಗಳ ಚಿತ್ರಗಳಲ್ಲಿ ಇಬ್ಬರೂ ಇದ್ದಾರೆ, ನಾಲ್ವರೂ ಇದ್ದಾರೆ. ಸಿರಿಯಾದ ಕ್ರೈಸ್ತರ ಪರಂಪರೆಯಲ್ಲಿ ಹನ್ನೆರಡು ಮಂದಿ. ರಾಜರು ಎಂದೂ ಮತ್ತಾಯ ಹೇಳಿಲ್ಲ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಕೂಸಿಗೆ ರಕ್ತಬೋಳವೇಕೆ? ಒಮ್ಮೆ ಗ್ರಂದಿಗೆ ಅಂಗಡಿಯಿಂದ ಒಂದು ತುಂಡು ತಂದು ಭಾನುವಾರದ ತರಗತಿಯಲ್ಲಿ ಮಕ್ಕಳ ಕೈಗೆ ಕೊಟ್ಟೆ. ಧೂಳು ಮೆತ್ತಿದ ಕೆಂಗಂದು ಅಂಟಿನ ಗಟ್ಟಿ. ಒಬ್ಬಳು ನಾಲಿಗೆಗೆ ತಾಕಿಸಿ ಮುಖ ಕಿವಿಚಿದಳು. ಕಹಿ. ಇಬ್ರಿಯ ಭಾಷೆಯಲ್ಲಿ ಅದರ ಹೆಸರೇ ಕಹಿ ಎಂಬ ಧಾತುವಿನಿಂದ ಹುಟ್ಟಿದ್ದು. ಆದರೂ ಅದು ಬೆಲೆಬಾಳುವ ವಸ್ತು. ದೇವಾಲಯದ ಅಭಿಷೇಕ ತೈಲಕ್ಕೆ ಅದೇ ಬೇಕಿತ್ತು. ಶಿಲುಬೆಗೇರಿಸುವ ಮುನ್ನ ಅದನ್ನು ಬೆರೆಸಿದ ದ್ರಾಕ್ಷಾರಸವನ್ನು ಯೇಸುವಿಗೆ ಕೊಡಬಂದರು, ಆತ ಮುಟ್ಟಲಿಲ್ಲ. ಕೊನೆಗೆ ಸಮಾಧಿಗಾಗಿ ಯೆಹೂದ್ಯ ಮುಖಂಡ ನಿಕೊದೇಮನು ಅದನ್ನೂ ಅಗರನ್ನೂ ಕೂಡಿಸಿ ತಂದ, ಇಂದಿನ ತೂಕದಲ್ಲಿ ಸುಮಾರು 33 ಕಿಲೋ.